ಹನ್ನೆರಡೂವರೆ ನಿಮಿಷ

ಲೋಕಲ್ ರೈಲಿನ ಸಣ್ಣ ನಿಲ್ದಾಣ ಠಾಕುರ್ಲಿಯಲ್ಲಿ ಭಾನುವಾರದ ಮೆಗಾ ಬ್ಲಾಕ್‌ಗಾಗಿ ಆಸೆಯಿಂದ ಕಾಯುವವರು ಯಾರಾದರೂ ಇದ್ದರೆ ಅದು ವೇದಾ ಒಬ್ಬಳೇ. ರಿಪೇರಿಗೆಂದು ರೈಲಿನವರು ಪ್ರತಿ ನಿಲ್ದಾಣದಲ್ಲೂ ನಿಲ್ಲುವ ಗಾಡಿಗಳ ಸ್ಲೋ ಹಳಿಗಳನ್ನು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರೂವರೆಯವರೆಗೆ ಮುಚ್ಚುತ್ತಾರೆ. ಗಾಡಿಗಳೆಲ್ಲ ಆಚೆಯ ಫಾಸ್ಟ್ ಹಳಿಗೆ ಹೋಗುತ್ತವೆ, ಠಾಕುರ್ಲಿಯಲ್ಲಿ ಒಂದೂ ನಿಲ್ಲುವುದಿಲ್ಲ. ಊರೆಲ್ಲ ಬೈದುಕೊಳ್ಳುತ್ತದೆ. ವೇದಾಳ ಮನೆಯಿದ್ದದ್ದು ಸ್ಲೋ ಹಳಿಯ ಪಕ್ಕದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಉಳಿದ ದಿನಗಳಲ್ಲಿ ನಾಲ್ಕು ನಿಮಿಷಕ್ಕೊಮ್ಮೆ ಶೋಕೇಸಿನ ಗಾಜು ನಡುಗುತ್ತಿತ್ತು. ಮೆಗಾ ಬ್ಲಾಕ್ ದಿನ ಮಾತ್ರ ಆ ಮನೆಯ ಹಾಲಿನಲ್ಲಿ ಪಿಯಾನೋ ನುಡಿಸಿ ರೆಕಾರ್ಡ್ ಮಾಡಬಹುದಿತ್ತು.

ಪಿಯಾನೋದ ಐದನೆಯ ಗ್ರೇಡಿನ ಪರೀಕ್ಷೆ. ಈಗ ಪರೀಕ್ಷೆಯ ಹಾಲಿಗೆ ಹೋಗಬೇಕಿಲ್ಲ; ಮನೆಯಲ್ಲೇ ನುಡಿಸಿ ವಿಡಿಯೋ ಕಳಿಸಿದರೆ ಸಾಕು. ಆದರೆ ನಿಯಮ ಬಿಗಿ. ನಾಲ್ಕು ರಚನೆಗಳನ್ನು ಒಂದರ ಹಿಂದೊಂದು, ಒಂದೇ ಟೇಕಿನಲ್ಲಿ ನುಡಿಸಬೇಕು. ಮುಖವೂ ಕೈಯೂ ಕಾಣುತ್ತಿರಬೇಕು. ಕತ್ತರಿಸುವ, ಅಂಟಿಸುವ, ಸದ್ದು ಏರಿಳಿಸುವ ಕೆಲಸ ಕೂಡದು. ಒಟ್ಟು ಹನ್ನೆರಡೂವರೆ ನಿಮಿಷ.

ವೇದಾಗೆ ಐವತ್ತನಾಲ್ಕು. ತುರ್ಭೆಯ ಮಾತ್ರೆ ಕಾರ್ಖಾನೆಯೊಂದರ ಪರೀಕ್ಷಾ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಕಾರ್ಖಾನೆ ಗುಜರಾತಿಗೆ ಹೋದಾಗ ಕೆಲಸ ಬಿಟ್ಟಿದ್ದಳು. ಆಮೇಲೆ ಡೊಂಬಿವಲಿಯ ಲೋಕನಾಥ ಮಾಸ್ತರರ ಹತ್ತಿರ ಪಿಯಾನೋ ಕಲಿಯತೊಡಗಿದಳು. ಕಲ್ಯಾಣದ ರೈಲ್ವೆ ಕಾಲೋನಿಯಲ್ಲಿ ಮನೆ ಖಾಲಿ ಮಾಡುತ್ತಿದ್ದ ಮುದುಕಿಯೊಬ್ಬರಿಂದ ಹಳೆಯ ಪಿಯಾನೋ ತಂದಳು. ಲಿಫ್ಟಿನೊಳಗೆ ಹಿಡಿಸದ ಅದನ್ನು ನಾಲ್ಕು ಜನ ಮೆಟ್ಟಿಲಲ್ಲಿ ಹೊತ್ತು ತಂದಿದ್ದರು. ಲ್ಯಾಬಿನ ಅಭ್ಯಾಸ ಹೋಗಿರಲಿಲ್ಲ. ಪ್ರತಿ ಟೇಕಿನ ದಿನಾಂಕ, ವೇಳೆ, ಎಲ್ಲಿ ತಪ್ಪಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಬರೆಯುತ್ತಿದ್ದಳು.

ಜುಲೈ ತಿಂಗಳ ಮೊದಲ ಮೆಗಾ ಬ್ಲಾಕಿಗೆ ಮನೆ ಬೆಳಿಗ್ಗೆಯಿಂದಲೇ ಸಜ್ಜಾಯಿತು. ಹತ್ತೂವರೆಯೊಳಗೆ ಕುಕ್ಕರ್ ಕೂಗಿ ಇಳಿದಿತ್ತು. ಫ್ಯಾನು ಬಂದ್. ಗೊರಗೊರ ಅನ್ನುವ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತಾಯಿತು. ಹಾಲಿನ ಬಾಗಿಲಿಗೆ ಕೆಂಪು ಟವೆಲು ಬಿತ್ತು. ಅದು ಇರುವಷ್ಟು ಹೊತ್ತು ಯಾರೂ ಸದ್ದು ಮಾಡುವಂತಿಲ್ಲ.

"ಸೀನಬಹುದಾ?" ಎಂದು ಗಂಡ ನಂಜುಂಡ ಕೇಳಿದ. ಅವನು ಬೇಲಾಪುರದ ಸರ್ಕಾರಿ ಕಚೇರಿಯಲ್ಲಿ ಸೆಕ್ಷನ್ ಆಫೀಸರು. ಮನೆಯಲ್ಲಿ ಅವನ ಅಧಿಕಾರ ಇಷ್ಟೇ.

"ಹನ್ನೊಂದರೊಳಗೆ ಎಷ್ಟು ಬೇಕೋ ಅಷ್ಟು ಸೀನಿಕೊಳ್ಳಿ."

ಮಗ ಕುಶಾಲ್ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತ, "ಮಮ್ಮಿ, ಡಿಜಿಟಲ್ ಲೇ ಲೇತೀ ತೋ ಕೇಬಲ್ ಸೇ ಡೈರೆಕ್ಟ್ ಹೋ ಜಾತಾ," ಎಂದ. ಅವನು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಕನ್ನಡ ಕಿವಿಗೆ ಹೋಗುತ್ತಿತ್ತು, ಬಾಯಿಗೆ ಹಿಂದಿ ಬರುತ್ತಿತ್ತು.

"ಡಿಜಿಟಲ್ ಪಿಯಾನೋ ತಗೋಬೇಕಿತ್ತು ಅನ್ನೋದನ್ನ ನೂರನೇ ಸಲ ಕೇಳಿದ್ದಾಯ್ತು. ಕೈ ಕಾಣತ್ತಾ ನೋಡು."

ಒಳಕೋಣೆಯಲ್ಲಿ ಅತ್ತೆ ಸುಗುಣಮ್ಮ. ಎಂಬತ್ತೆರಡು ವಯಸ್ಸು, ಹೋದ ವರ್ಷ ಸೊಂಟದ ಆಪರೇಷನ್ ಆಗಿತ್ತು, ವಾಕರ್ ಹಿಡಿದೇ ನಡೆಯಬೇಕು, ಅದೂ ಪಕ್ಕದಲ್ಲಿ ಒಬ್ಬರಿದ್ದರೆ. ಕರೆಯುವುದಕ್ಕೆಂದು ಮಂಚದ ಬದಿಯಲ್ಲಿ ಒಂದು ಹಿತ್ತಾಳೆ ಗಂಟೆ ಇಟ್ಟುಕೊಂಡಿದ್ದರು. ಅವತ್ತು ಎರಡನೆಯ ಟೇಕಿನಲ್ಲಿ, ಹನ್ನೊಂದು ನಿಮಿಷ ತಪ್ಪಿಲ್ಲದೆ ಸಾಗಿದ ಮೇಲೆ, ಆ ಗಂಟೆ ಕಿಣಿಕಿಣಿ ಎಂದಿತು.

ವೇದಾ ಎದ್ದು ಹೋದಳು. "ಏನತ್ತೆ?"

"ಹುಳಿಗೆ ಇಂಗು ಹಾಕಿದ್ಯಾ? ವಾಸನೆ ಬರಲಿಲ್ಲ."

"ಅತ್ತೆ, ಇನ್ನು ಒಂದೂವರೆ ನಿಮಿಷ ಇತ್ತು."

"ನಿಂದು ನಡುನಡುವೆ ನಿಲ್ಲತ್ತಲ್ಲೇ. ಮುಗೀತು ಅಂದ್ಕೊಂಡೆ."

ಊಟದ ಹೊತ್ತಿಗೆ ಅದು ಜಗಳವೇ ಆಯಿತು. ನಂಜುಂಡ ಹುಳಿ ಕಲಸುತ್ತ, "ಇಂಗಂತೂ ಬಿದ್ದಿದೆ, ಅಮ್ಮನ ಸಂಶಯ ನಿವಾರಣೆ ಆಯ್ತು," ಎಂದು ನಕ್ಕ. ವೇದಾ ನಗಲಿಲ್ಲ.

"ನಿಮಗೆಲ್ಲ ಇದು ತಮಾಷೆ. ಮೂವತ್ತು ವರ್ಷ ನಿಮ್ಮ ಡಬ್ಬಿ ಕಟ್ಟಿದ್ದೀನಿ. ವಾರಕ್ಕೆ ಹನ್ನೆರಡೂವರೆ ನಿಮಿಷ ಕೇಳಿದ್ರೆ ಈ ಮನೆಗೆ ಕೊಡಕ್ಕಾಗಲ್ಲ."

"ಕೊಡ್ತೀವಮ್ಮ, ಯಾರು ಬೇಡ ಅಂದರು," ಎಂದರು ಸುಗುಣಮ್ಮ. "ಮುಂದಿನ ವಾರ ನಾನು ಉಸಿರೂ ಬಿಡಲ್ಲ."

ಮುಂದಿನ ವಾರ ಹಬ್ಬವೆಂದು ಮೆಗಾ ಬ್ಲಾಕೇ ಇರಲಿಲ್ಲ. ನಡುವಿನ ದಿನಗಳಲ್ಲಿ ವೇದಾ ಗಾಡಿಗಳ ಬಿಡುವು ನೋಡಿ ಪ್ರಯತ್ನಿಸಿದಳು, ಆಗಲಿಲ್ಲ. ಗಾಡಿ ಇಲ್ಲದಾಗ ಮೂರನೆಯ ರಚನೆಯಲ್ಲಿ ಎಡಗೈ ಬಲಗೈಯನ್ನು ದಾಟಿ ಹೋಗುವ ಜಾಗದಲ್ಲಿ ಅವಳೇ ಎಡವುತ್ತಿದ್ದಳು. ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಟೇಕುಗಳಾದವು.

ಲೋಕನಾಥ ಮಾಸ್ತರರು ಉಡುಪಿ ಕಡೆಯವರು. ಹಿಂದೆ ಠಾಣೆಯ ಹೋಟೆಲುಗಳಲ್ಲಿ ಸಂಜೆ ಹೊತ್ತು ಕೀಬೋರ್ಡ್ ನುಡಿಸುತ್ತಿದ್ದರು. ಟೇಕುಗಳ ಆ ಲೆಕ್ಕ ನೋಡಿ ಅವರು ತಲೆಯಾಡಿಸಿದರು. "ನೀವು ಬಾರಿಸುದಲ್ಲ ವೇದಕ್ಕ. ತಪ್ಪು ಎಲ್ಲಿ ಬರ್ತದೆ ಅಂತ ಕಾದು ಕೂತುಕೊಳ್ಳುದು. ಕಾದ್ರೆ ಅದು ಬಂದೇ ಬರ್ತದೆ."

"ಕೊನೇ ತಾರೀಖು ಹತ್ತಿರ ಬಂತು ಸರ್."

"ಒಂದು ಭಾನುವಾರ ಉಂಟಲ್ಲ. ಇದೊಂದು ಆದ್ರೆ ಸಣ್ಣ ಮಕ್ಕಳ ಕ್ಲಾಸು ಪೂರ್ತಿ ನಿಮಗೇ ಬಿಡ್ತೇನೆ. ನನಗೂ ವಯಸ್ಸಾಯ್ತು."

ಆ ಮಾತನ್ನು ವೇದಾ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ತುರ್ಭೆಯ ಕೆಲಸ ಹೋದ ಮೇಲೆ ಯಾರಾದರೂ "ಏನು ಮಾಡ್ತೀರಿ" ಎಂದು ಕೇಳಿದರೆ ಅವಳಿಗೆ ಉತ್ತರ ಹೊಳೆಯುತ್ತಿರಲಿಲ್ಲ.

ಕೊನೆಯ ಭಾನುವಾರ ಅವಳು ಯಾವುದನ್ನೂ ಅದೃಷ್ಟಕ್ಕೆ ಬಿಡಲಿಲ್ಲ. ಕಲ್ಯಾಣದಲ್ಲಿ ನಂಟರ ಗೃಹಪ್ರವೇಶವಿತ್ತು. ಗಂಡ ಮಗ ಇಬ್ಬರನ್ನೂ ಅಲ್ಲಿಗೆ ಅಟ್ಟಿದಳು. "ಹನ್ನೆರಡಕ್ಕೆ ಬಂದುಬಿಡ್ತೀವಿ," ಎಂದು ನಂಜುಂಡ ಹೇಳಿ ಹೋದ. ಹತ್ತೂವರೆಗೆ ಅತ್ತೆಗೆ ತಿಂಡಿ ಕೊಟ್ಟು, ಕಾಲು ಊದದಂತೆ ಡಾಕ್ಟರು ಬರೆದಿದ್ದ ಮಾತ್ರೆ ನುಂಗಿಸಿದಳು. ಅದನ್ನು ನುಂಗಿದರೆ ಒಂದು ತಾಸಿನಲ್ಲಿ ಬಚ್ಚಲಿಗೆ ಅವಸರವಾಗುತ್ತದೆ. ಅಂಥ ಮಾತ್ರೆ ನೀರಿನಲ್ಲಿ ಎಷ್ಟು ನಿಮಿಷಕ್ಕೆ ಕರಗುತ್ತದೆ ಎಂದು ಸಾವಿರ ಸಲ ಅಳೆದವಳು ಅವಳು. ಹನ್ನೊಂದಕ್ಕೆ ಬಚ್ಚಲಿಗೆ ಕರೆದುಕೊಂಡು ಹೋಗಿ ಬಂದು ಮಲಗಿಸಿದಳು.

ಆಮೇಲೆ ಮಂಚದ ಬದಿಯ ಗಂಟೆ ಎತ್ತಿಕೊಂಡಳು. "ಅತ್ತೆ, ಇದನ್ನ ಸ್ವಲ್ಪ ಹೊತ್ತು ದೇವರ ಮುಂದೆ ಇಟ್ಟಿರ್ತೀನಿ. ಬೇಕಾದ್ರೆ ಕೂಗಿ."

"ಕೂಗಿದ್ರೆ ನಿನ್ನ ರೆಕಾರ್ಡಿಂಗ್ ಕೆಡಲ್ವಾ?"

"ನಡುವೆ ನಾನೇ ಬಂದು ನೋಡ್ತೀನಿ."

"ಇಡು ಹಾಗಾದ್ರೆ."

ಮೊದಲ ಟೇಕು ಎರಡನೆಯ ರಚನೆಯಲ್ಲಿ ಕೆಟ್ಟಿತು. ಎರಡನೆಯದು ಕೆಳಗಿನ ತರಕಾರಿ ಗಾಡಿಯವನ ಕೂಗಿಗೆ. ಹನ್ನೆರಡಾಯಿತು, ಗಂಡ ಬರಲಿಲ್ಲ. ನಡುವೆ ಒಳಗೆ ಹೋಗಿ ನೋಡಬೇಕೆಂದುಕೊಂಡವಳು, ಇದೊಂದು ಮುಗಿಸಿಯೇ ಹೋಗೋಣವೆಂದು ಮತ್ತೆ ಬಟನ್ ಒತ್ತಿ ಕುಳಿತಳು.

ಮೂರನೆಯ ಟೇಕು ಹಗುರವಾಗಿ ಶುರುವಾಯಿತು. ಮೊದಲನೆಯದು ಮುಗಿಯಿತು, ಎರಡನೆಯದೂ. ಮೂರನೆಯದರಲ್ಲಿ ಕೈ ದಾಟುವ ಜಾಗವನ್ನು ತನಗೆ ತಿಳಿಯುವ ಮೊದಲೇ ದಾಟಿಬಿಟ್ಟಿದ್ದಳು. ಆಗ ಒಳಗಿನಿಂದ "ವೇದಾ" ಎಂಬ ದನಿ ಬಂತು. ಕೈ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ, "ವೇದಾ." ಇನ್ನು ನಾಲ್ಕು ನಿಮಿಷ ಎಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ವಾಕರಿನ ಕಾಲು ನೆಲಕ್ಕೆ ಉಜ್ಜಿದ ಸದ್ದು, ಏನೋ ಮೆತ್ತಗೆ ಬಿದ್ದ ಸದ್ದು. ಅಷ್ಟರಲ್ಲಿ ನಾಲ್ಕನೆಯದು ಶುರುವಾಗಿತ್ತು. ಅದನ್ನೂ ಕೊನೆಯವರೆಗೆ ನುಡಿಸಿದಳು. ನಿಯಮದಂತೆ ಕೈಗಳನ್ನು ತೊಡೆಯ ಮೇಲಿಟ್ಟು ಎರಡು ಸೆಕೆಂಡು ಕ್ಯಾಮೆರಾ ನೋಡಿ, ಫೋನ್ ನಿಲ್ಲಿಸಿ, ಒಳಗೆ ಓಡಿದಳು.

ಸುಗುಣಮ್ಮ ಮಂಚಕ್ಕೆ ಒರಗಿ ನೆಲದ ಮೇಲೆ ಕುಳಿತಿದ್ದರು. ವಾಕರ್ ಅಡ್ಡ ಬಿದ್ದಿತ್ತು. ಸೀರೆ ಒದ್ದೆ, ನೆಲ ಒದ್ದೆ. ಎಡಗೈಯಿಂದ ಸೆರಗಿನ ತುದಿ ಹಿಡಿದು ಅವರು ನೆಲ ಒರೆಸುತ್ತಿದ್ದರು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

"ಅಯ್ಯೋ, ಕೂಗಬಾರದಿತ್ತಾ ಅತ್ತೆ?"

ಬಾಯಿಂದ ಆ ಮಾತು ಹೇಗೆ ಬಂತೋ.

ಸುಗುಣಮ್ಮ ತಲೆಯೆತ್ತಿದರು. "ಕೂಗಿದೆ. ನಿನಗೆ ಕೇಳಿಸಲಿಲ್ಲವೇನೋ."

"ಪಿಯಾನೋ ಸದ್ದಲ್ಲಿ ಕೇಳಿಸಲೇ ಇಲ್ಲ."

"ಇರಲಿ ಬಿಡು. ಮೊದಲು ಈ ಸೀರೆ ಬದಲಾಯಿಸು, ನಂಜುಂಡ ಬರೋದರೊಳಗೆ."

ನಂಜುಂಡ ಬಂದದ್ದು ಒಂದೂವರೆಗೆ. ಮೆಗಾ ಬ್ಲಾಕಿನಲ್ಲಿ ಗಾಡಿ ಠಾಕುರ್ಲಿಯಲ್ಲಿ ನಿಲ್ಲದೆ ಡೊಂಬಿವಲಿಗೆ ಹೋಗಿತ್ತು. ಅಲ್ಲಿ ರಿಕ್ಷಾ ಸಾಲು ರಸ್ತೆಯವರೆಗಿತ್ತು. ಅದೇ ರಿಕ್ಷಾದಲ್ಲಿ ಅಮ್ಮನನ್ನು ಕೂರಿಸಿಕೊಂಡು ಮತ್ತೆ ಡೊಂಬಿವಲಿಗೆ ಹೋದರು. ಎಕ್ಸ್‌ರೇ ಆಯಿತು. ಸೊಂಟಕ್ಕೆ ಏನೂ ಆಗಿರಲಿಲ್ಲ, ಬಲ ಮಣಿಕಟ್ಟಿನಲ್ಲಿ ಬಿರುಕು. ಐದು ವಾರ ಪ್ಲಾಸ್ಟರು.

ಮನೆಯ ದಿನಚರಿ ಬದಲಾಯಿತು. ಬಲಗೈ ಇಲ್ಲದೆ ವಾಕರ್ ಇಲ್ಲ. ಪ್ರತಿ ಸಲ ಬಚ್ಚಲಿಗೆ ವೇದಾ ಹೆಗಲು ಕೊಡಬೇಕು. ತಲೆ ಬಾಚಬೇಕು, ಮೂರು ಹೊತ್ತೂ ಚಮಚದಲ್ಲಿ ಉಣಿಸಬೇಕು. ವೇದಾ ಅದನ್ನೆಲ್ಲ ಯಾರಿಗೂ ಬಿಡದೆ ಮಾಡಿದಳು. ಅನ್ನ ಕಿವುಚಿ ಸಾರು ಸೋಸಿ ತಂದು ಕೂರುತ್ತಿದ್ದಳು.

ತಪ್ಪು ಯಾರದೆಂಬ ಚರ್ಚೆ ವಾರವೆಲ್ಲ ನಡೆಯಿತು.

"ನಂದೇ ತಪ್ಪು," ಎಂದ ನಂಜುಂಡ. "ಹನ್ನೆರಡಕ್ಕೆ ಬರ್ತೀನಿ ಅಂದಿದ್ದೆ. ಊಟಕ್ಕೆ ಕೂತುಬಿಟ್ಟೆ, ಹೋಳಿಗೆ ಬಡಿಸ್ತಾ ಇದ್ದರು."

"ಪಾಪಾ, ರೈಲ್ವೇ ಕೀ ಗಲತೀ ಹೈ," ಎಂದ ಕುಶಾಲ್.

"ಯಾರದೂ ಅಲ್ಲ," ಎಂದರು ಸುಗುಣಮ್ಮ. "ಮುದುಕಿ ಒಂದಿಷ್ಟು ತಡಕೊಳ್ಳಬೇಕಿತ್ತು. ಅವಳಿಗೆ ಕೇಳಿಸಲಿಲ್ಲ ಪಾಪ."

ಬುಧವಾರ ಬೆಳಿಗ್ಗೆ ದೇವರ ದೀಪ ಹಚ್ಚಲು ಹೋದ ನಂಜುಂಡ ಗಂಟೆ ಹಿಡಿದುಕೊಂಡು ಬಂದ. "ಅಮ್ಮನ ಗಂಟೆ ಇಲ್ಲಿ ಯಾರಿಟ್ಟರು?"

ವೇದಾ ದೋಸೆ ಕಾವಲಿಯ ಮುಂದೆ ನಿಂತಿದ್ದಳು. ಅವಳು ತಿರುಗುವ ಮೊದಲೇ ಒಳಗಿನಿಂದ ಸುಗುಣಮ್ಮ ಹೇಳಿದರು, "ನಾನೇ ಇಡು ಅಂದೆ ಕಣೋ. ಎಣ್ಣೆ ಜಿಡ್ಡಾಗಿತ್ತು, ತೊಳೆಯಕ್ಕೆ."

ದೋಸೆ ಒಂದು ಬದಿ ಕರಕಾಯಿತು. ವೇದಾ ಅದನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

ಅವತ್ತು ಮಧ್ಯಾಹ್ನ ಅತ್ತೆ ನಿದ್ದೆ ಹೋದ ಮೇಲೆ ಅವಳು ರೆಕಾರ್ಡಿಂಗ್ ಹಾಕಿ ನೋಡಿದಳು. ತಪ್ಪಿಲ್ಲದ ಟೇಕು. ಆದರೆ ಫೋನಿನ ಸ್ಟ್ಯಾಂಡು ಒಳಕೋಣೆಯ ಬಾಗಿಲ ಪಕ್ಕದಲ್ಲಿತ್ತು. ಏಳು ನಿಮಿಷ ನಲವತ್ತೊಂದನೆಯ ಸೆಕೆಂಡಿನಲ್ಲಿ "ವೇದಾ" ಎಂಬ ದನಿ ಪಿಯಾನೋಗಿಂತ ಸ್ಪಷ್ಟವಾಗಿ ಕೇಳಿತು. ಪರದೆಯ ಮೇಲಿನ ಹೆಂಗಸು ಬಾಗಿಲ ಕಡೆಗೆ ಮುಖ ತಿರುಗಿಸಿದಳು, ಒಂದು ಕ್ಷಣ ಅತ್ತ ನೋಡಿದಳು, ಮತ್ತೆ ಸ್ವರಲಿಪಿಯ ಪುಸ್ತಕದ ಕಡೆಗೆ ತಿರುಗಿದಳು. ಇಪ್ಪತ್ತಾರು ಸೆಕೆಂಡು ಕಳೆದು ಎರಡನೆಯ ಕರೆ. ಈ ಸಲ ಹೆಂಗಸು ತಿರುಗಲೂ ಇಲ್ಲ. ನಾದ ತುಂಬಿಸುವ ಪೆಡಲಿನ ಮೇಲೆ ಕಾಲು ಇನ್ನಷ್ಟು ಒತ್ತಿದಳು.

ವೇದಾ ನೋಟ್‌ಬುಕ್ ತೆರೆದಳು. ಟೇಕಿನ ನಂಬರು ಬರೆದಳು. ಮುಂದಿನ ಕಾಲಮ್ಮಿನಲ್ಲಿ ಏನು ಬರೆಯಬೇಕೆಂದು ತಿಳಿಯದೆ ಮುಚ್ಚಿಟ್ಟಳು.

ದೊಡ್ಡ ಫೈಲು ಕಳಿಸುವುದು ಕುಶಾಲನ ಕೆಲಸ. ಗುರುವಾರ ಸಂಜೆ ಅವನು ತಾನಾಗಿಯೇ ಅವಳ ಫೋನಿನಿಂದ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಕಿವಿಗೆ ಹೆಡ್‌ಫೋನ್ ಹಾಕಿ ನೋಡತೊಡಗಿದ್ದ. ವೇದಾ ಚಹಾ ಹಿಡಿದು ಬಂದಾಗ ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ಮಮ್ಮಿ, ತೂನೇ ಸುನಾ ಥಾ."

ಅವಳಿಗೆ ಕೇಳಿಸಿತ್ತೆಂಬುದು ಅವನಿಗೂ ಗೊತ್ತಾಗಿತ್ತು. ವೇದಾ ಚಹಾ ಇಟ್ಟಳು. "ಕಳಿಸಬೇಡ ಅದನ್ನ."

ಅವನು ಒಂದು ಗುಟುಕು ಕುಡಿದ. "ಆವಾಜ್ ಕಮ್ ಕರ್ ದೂಂ? ದೋ ಜಗಹ್ ಹೀ ಹೈ. ಕೋಯೀ ನಹೀಂ ಪಕಡೇಗಾ."

"ಬೇಡ. ಯಾರೂ ಕಂಡುಹಿಡಿಯದಿದ್ರೂ ಸದ್ದು ತಗ್ಗಿಸೋದು ಬೇಡ."

"ಕಿತನೀ ಮೆಹನತ್ ಕೀ ಹೈ ತೂನೇ."

"ಪಟ್ಟ ಕಷ್ಟ ಇರಲಿ. ಬೇಡ ಅಂದೆನಲ್ಲ ಕುಶಾಲ್."

"ಅಜ್ಜಿಗೆ ನಾನು ಹೇಳಲ್ಲ," ಎಂದ ಅವನು, ಅಪರೂಪಕ್ಕೆ ಕನ್ನಡದಲ್ಲಿ. ರಾತ್ರಿ ಊಟಕ್ಕೆ ತಟ್ಟೆ ತೆಗೆದುಕೊಂಡು ಅಜ್ಜಿಯ ಕೋಣೆಗೆ ಹೋಗಿ ಕೂತ. ಮರುದಿನವೂ ಹಾಗೆಯೇ ಮಾಡಿದ. ತಾಯಿಯ ಜೊತೆ ಮಾತಾಡುವಾಗ ಅವಳ ಭುಜದಾಚೆ ಎಲ್ಲೋ ನೋಡುತ್ತಿದ್ದ.

ಶುಕ್ರವಾರ ಗಂಜಿ ಕುಡಿಸುತ್ತಿದ್ದಾಗ ಸುಗುಣಮ್ಮ ಕೇಳಿದರು, "ಅವತ್ತಿಂದು ಸರಿಯಾಗಿ ಬಂತಾ?"

"ಬಂತು ಅತ್ತೆ."

"ಆ ಕೈ ದಾಟೋ ಜಾಗ ದಾಟಿದ್ದು ನನಗೆ ಗೊತ್ತಾಯ್ತು. ಮೂರು ತಿಂಗಳಿಂದ ಕೇಳ್ತಿದ್ದೀನಲ್ಲ, ಯಾವಾಗಲೂ ಅಲ್ಲೇ ಬೀಳ್ತಿದ್ದೆ. ಕೊನೇದು ಸರಿಯಾಗಿ ಕೇಳಿಸಿಕೊಳ್ಳಕ್ಕೆ ಆಗಲಿಲ್ಲ. ಹಾಕು ನೋಡೋಣ."

"ಫೋನ್ ಚಾರ್ಜಿಗೆ ಹಾಕಿದ್ದೀನಿ. ಆಮೇಲೆ."

ಶನಿವಾರ ಕೊನೆಯ ತಾರೀಖು. ವೇದಾ ಹಪ್ಪಳದ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಳು, ಪರದೆ ಒಗೆದಳು, ಗೋಧಿ ಆರಿಸಿದಳು. ತಾರೀಖು ಕಳೆಯಿತು. ಫೋನಿನಲ್ಲಿ ವಿಡಿಯೋ ಹಾಗೆಯೇ ಇತ್ತು. ಅಳಿಸಿಹಾಕಲು ಎರಡು ಸಲ ಬೆರಳಿಟ್ಟಿದ್ದಳು. ಅಳಿಸಿದರೆ ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ ಎಂಬುದು ನೆನಪಾಗಿ ಎರಡು ಸಲವೂ ಬೆರಳು ತೆಗೆದಿದ್ದಳು.

ಭಾನುವಾರ ಬೆಳಿಗ್ಗೆ ಲೋಕನಾಥ ಮಾಸ್ತರರು ಒಂದು ಡಜನ್ ಬಾಳೆಹಣ್ಣು ಹಿಡಿದು ಸುಗುಣಮ್ಮನನ್ನು ನೋಡಲು ಬಂದರು. ಸುಗುಣಮ್ಮನನ್ನು ಹಾಲಿಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದ್ದರು. ವೇದಾ ಪಕ್ಕದ ಸ್ಟೂಲಿನಲ್ಲಿ ಕುಳಿತು ಅವರಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದಳು. ಕುಶಾಲ್ ಕಿಟಕಿಯ ಹತ್ತಿರ ಫೋನ್ ನೋಡುತ್ತ ನಿಂತಿದ್ದ.

"ಕಳಿಸಿದ್ರಾ ವೇದಕ್ಕ?" ಎಂದು ಮಾಸ್ತರರು ಕೇಳಿದರು.

"ಇಲ್ಲ ಸರ್."

"ಯಾಕೆ ಮಾರಾಯ್ರೆ? ಚಂದ ಬಂದಿದೆ ಅಂತ ಯಜಮಾನ್ರು ಫೋನಲ್ಲಿ ಹೇಳಿದ್ರು."

ನಂಜುಂಡ ಗಂಟಲು ಸರಿಪಡಿಸಿಕೊಂಡ. "ನಾನು ಹೇಳ್ತೀನಿ ಸರ್, ಅವಳು ಹೇಳಲ್ಲ. ಅಮ್ಮ ಬಿದ್ದ ದಿನದ ರೆಕಾರ್ಡಿಂಗ್ ಅದು. ಅದನ್ನ ಕಳಿಸಿ ಪಾಸಾಗಕ್ಕೆ ಅವಳಿಗೆ ಮನಸ್ಸಾಗಲಿಲ್ಲ. ಮೂರು ವರ್ಷದ ಕಲಿಕೆ ಬಿಟ್ಟು ಅಮ್ಮನ ಸೇವೆ ಮಾಡ್ತಿದ್ದಾಳೆ. ಆಫೀಸಲ್ಲಿ ಎಲ್ಲರಿಗೂ ಹೇಳಿದೆ, ಈ ಕಾಲದಲ್ಲಿ ಇಂಥ ಸೊಸೆ ಎಲ್ಲಿ ಸಿಗ್ತಾಳೆ ಅಂತ."

"ದೊಡ್ಡ ಮಾತು," ಎಂದರು ಮಾಸ್ತರರು. "ಕ್ಲಾಸು ಎಲ್ಲಿಗೂ ಹೋಗುದಿಲ್ಲ ವೇದಕ್ಕ. ಪರೀಕ್ಷೆ ಇಲ್ಲದಿದ್ರೂ ನಿಮಗೇ ಕೊಡ್ತೇನೆ."

ಕಿಟಕಿಯ ಹತ್ತಿರ ಕುಶಾಲ್ ಫೋನನ್ನು ಜೇಬಿಗೆ ಹಾಕಿಕೊಂಡ. ಸುಗುಣಮ್ಮ ಉಪ್ಪಿಟ್ಟು ಅಗಿಯುತ್ತ ಸೊಸೆಯ ಮುಖವನ್ನೇ ನೋಡುತ್ತಿದ್ದರು.

"ಹಾಕು, ಸರ್ ಕೇಳಲಿ," ಎಂದ ನಂಜುಂಡ. "ಅಮ್ಮನೂ ಕೇಳಲಿ. ಎಲ್ಲಿ ಫೋನು?"

"ಬೇಡ," ಎಂದಳು ವೇದಾ. "ಅದಲ್ಲ ಕಾರಣ."

"ಮತ್ತೆ?"

"ಅತ್ತೆ ಕರೆದದ್ದು ನನಗೆ ಕೇಳಿಸಿತ್ತು. ಕೇಳಿಸಿಕೊಂಡೇ ನುಡಿಸಿದೆ. ಗಂಟೆ ತೆಗೆದು ಅಲ್ಲಿಟ್ಟವಳೂ ನಾನೇ. ರೆಕಾರ್ಡಿಂಗಲ್ಲಿ ಎಲ್ಲ ಇದೆ."

ಮಾಸ್ತರರು ಚಹಾದ ಕಪ್ಪನ್ನು ಸದ್ದಾಗದಂತೆ ಕೆಳಗಿಟ್ಟರು.

ಸುಗುಣಮ್ಮ ಬಾಯಲ್ಲಿದ್ದುದನ್ನು ನುಂಗಿದರು. "ಕೇಳಿಸಲಿಲ್ಲ ಅಂದ್ಯಲ್ಲ ಅವತ್ತು."

"ಸುಳ್ಳು ಹೇಳಿದೆ ಅತ್ತೆ."

"ಅದನ್ನೇ ನಂಬ್ಕೊಂಡಿದ್ದೆ. ಚೆನ್ನಾಗಿತ್ತು." ಅವರು ಪ್ಲಾಸ್ಟರಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

ನಂಜುಂಡನ ಮುಖ ಕೆಂಪಾಗಿತ್ತು. ಅವನು ಹೆಂಡತಿಯ ಮೇಲೆ ಯಾವತ್ತೂ ದನಿ ಏರಿಸಿದವನಲ್ಲ; ಈಗಲೂ ಏರಿಸಲಿಲ್ಲ. "ಎಷ್ಟು ಸಲ ಕರೆದಳು ಅಮ್ಮ?"

"ಎರಡು ಸಲ."

"ಮೂರು," ಎಂದರು ಸುಗುಣಮ್ಮ.

ವೇದಾ ಅವರ ಕಡೆ ತಿರುಗಿದಳು. ಆ ವಿಡಿಯೋವನ್ನು ಅವಳು ಆರು ಸಲ ನೋಡಿದ್ದಳು, ಎರಡೇ ಇದ್ದದ್ದು.

"ಮೂರನೇದು ಬಿದ್ದ ಮೇಲೆ," ಎಂದರು ಸುಗುಣಮ್ಮ. "ದನಿ ಹೊರಡಲಿಲ್ಲ. ನೀನು ಕೊನೇದು ಶುರು ಮಾಡಿದ್ದೆ."

ನಂಜುಂಡ ಎದ್ದು ಬಂದ. ವೇದಾಳ ಕೈಯಿಂದ ಬಟ್ಟಲನ್ನೂ ಚಮಚವನ್ನೂ ತೆಗೆದುಕೊಂಡು, ಅವಳು ಸ್ಟೂಲು ಬಿಟ್ಟು ಏಳುವವರೆಗೆ ನಿಂತಿದ್ದು, ತಾನು ಕುಳಿತ. ಅವನಿಗೆ ಯಾರಿಗೂ ಉಣಿಸಿ ಅಭ್ಯಾಸವಿರಲಿಲ್ಲ. ಚಮಚದ ತುಂಬ ತುಂಬಿಕೊಂಡ ಉಪ್ಪಿಟ್ಟು ಅರ್ಧ ಅಮ್ಮನ ಮಡಿಲಿಗೆ ಬಿತ್ತು.

"ಸ್ವಲ್ಪ ಸ್ವಲ್ಪ ತಗೋಬೇಕು," ಎಂದಳು ವೇದಾ.

ಅವನು ತಿರುಗಿ ನೋಡಲಿಲ್ಲ. ಸುಗುಣಮ್ಮ ಮಗನ ಕಡೆಗೆ ಬಾಯಿ ತೆರೆದರು.

ಅಡುಗೆಮನೆಗೆ ಹೋಗಬೇಕೋ, ಅಲ್ಲೇ ನಿಲ್ಲಬೇಕೋ ವೇದಾಗೆ ತಿಳಿಯಲಿಲ್ಲ. ಉಪ್ಪಿಟ್ಟಿನ ಎಣ್ಣೆ ಹತ್ತಿದ ಬೆರಳುಗಳನ್ನು ಎಲ್ಲಿಡಬೇಕೆಂದೂ ತಿಳಿಯದೆ, ಎರಡೂ ಕೈಯನ್ನು ಮುಂದೆ ಹಿಡಿದುಕೊಂಡು ನಿಂತಳು.